ನಿಬ್ಬು ನೋಡಿ ಹೇಳಿದ ಮಾತು

ಬ್ಯಾಂಕಿನ ಕೌಂಟರಿನಲ್ಲಿ ದಾರ ಕಟ್ಟಿ ಇಟ್ಟಿರುತ್ತಾರಲ್ಲ, ಆ ಬಾಲ್‌ಪೆನ್ನನ್ನು ಕಂಡಾಗಲೆಲ್ಲ ನನಗೆ ಗೂಟಕ್ಕೆ ಕಟ್ಟಿದ ಕರುವಿನ ನೆನಪಾಗುತ್ತದೆ. ಪಾಪ, ಚಲನ್ನಿನ ಮೂಲೆ ಮುಟ್ಟುವಷ್ಟರಲ್ಲಿ ದಾರ ಜಗ್ಗಿ ನಿಂತುಬಿಡುತ್ತದೆ. ಮೊನ್ನೆ ಗುಬ್ಬಿಯ ಬ್ಯಾಂಕಿಗೆ ಹೋದಾಗ ಆ ಕರುವೂ ಇರಲಿಲ್ಲ, ಬರೀ ಹಗ್ಗ ನೇತಾಡುತ್ತಿತ್ತು. ಪಕ್ಕದಲ್ಲಿದ್ದ ಯುವಕನೊಬ್ಬ "ಅಂಕಲ್, ಪೆನ್ ಇದ್ಯಾ?" ಅಂದ. ನಾನು ಜೇಬಿನಿಂದ ಪೆನ್ನು ತೆಗೆದೆ, ಕ್ಯಾಪು ಬಿಚ್ಚಿ ನನ್ನ ಕೈಯಲ್ಲೇ ಇಟ್ಟುಕೊಂಡೆ, ಬರೀ ಪೆನ್ನನ್ನು ಅವನಿಗೆ ಕೊಟ್ಟೆ. ಅವನು ಒಮ್ಮೆ ಕ್ಯಾಪು ನೋಡಿದ, ಒಮ್ಮೆ ನನ್ನ ಮುಖ ನೋಡಿದ.

"ನಂಬಿಕೆ ಇಲ್ವಾ ಅಂಕಲ್?"

"ನಿನ್ನ ಮೇಲೆ ಐತೆ ಕಣಪ್ಪ. ನಿನ್ನ ಮರೆವಿನ ಮೇಲೆ ಇಲ್ಲ."

ನೀವೂ ಇದನ್ನು ರೂಢಿ ಮಾಡಿಕೊಳ್ಳಿ. ಪೂರಾ ಪೆನ್ನು ಕೊಟ್ಟರೆ ತೆಗೆದುಕೊಂಡವನು ಅದನ್ನು ತನ್ನ ಜೇಬಿಗೆ ಸಿಕ್ಕಿಸಿಕೊಂಡು ಸಭ್ಯತೆಯಿಂದ ಮನೆಗೆ ಹೋಗುತ್ತಾನೆ. ಕ್ಯಾಪಿಲ್ಲದ ಪೆನ್ನನ್ನು ಯಾವ ಸಭ್ಯಸ್ಥನೂ ಜೇಬಿಗೆ ಹಾಕಿಕೊಳ್ಳುವುದಿಲ್ಲ. ಜನರನ್ನು ತಿದ್ದುವುದು ಕಷ್ಟ, ಕ್ಯಾಪು ಹಿಡಿದುಕೊಳ್ಳುವುದು ಸುಲಭ.

ಯುವಕ ಬರೆಯಲು ಹೋದವನು ನಿಬ್ಬನ್ನು ನೋಡಿ ತಡೆದ. "ಅಂಕಲ್, ಇದು ಇಂಕ್ ಪೆನ್ನು! ಇದಕ್ಕೆ ರೀಫಿಲ್ ಎಲ್ಲಿ ಸಿಗುತ್ತೆ?" ಅಂತ ಕೇಳಿದ. ನನಗೆ ನಗು ಬಂತು. ಅದರ ಹಿಂದೆಯೇ ನೆನಪುಗಳೂ ಬಂದವು. ನೆನಪುಗಳು ಹಳೆಯ ಪೆನ್ನಿನ ಹಾಗೆ: ಬೇಕೆಂದಾಗ ಬರೆಯುವುದಿಲ್ಲ, ಸುಮ್ಮನೆ ಕೂತಾಗ ಜೇಬಿನಲ್ಲೇ ಕಾರಿಕೊಳ್ಳುತ್ತವೆ.

ನನ್ನ ಕಸುಬು ತೆಂಗಿನಕಾಯಿ ವ್ಯಾಪಾರ. ಈಗ ಗುಬ್ಬಿಯಲ್ಲಿ ನನ್ನದೇ ಮಂಡಿ ಇದೆಯಾದರೂ ಎಪ್ಪತ್ತರ ದಶಕದ ಮೊದಲಿಗೆ ನಾನು ಬೇರೆಯವರ ಮಂಡಿಯಲ್ಲಿ ಚೀಲ ಹೊರುತ್ತಿದ್ದೆ. ಅಲ್ಲಿ ನಾನು ಕಂಡುಕೊಂಡ ಮೊದಲ ಸತ್ಯವನ್ನು ಹೇಳುತ್ತೇನೆ, ಕೇಳಿ. ಮಂಡಿಯಲ್ಲಿ ಒಂದೇ ಒಂದು ಫ್ಯಾನು. ಅದರ ಕೆಳಗೆ ಕೂರುತ್ತಿದ್ದವನು ಬರೆಯುವವನು. ಅವನ ಜೇಬಿನಲ್ಲಿ ಪೆನ್ನು ಇರುತ್ತಿತ್ತು. ನಮ್ಮ ಜೇಬಿನಲ್ಲಿ ಬೀಡಿ ಇರುತ್ತಿತ್ತು, ಅಥವಾ ಜೇಬೇ ಇರುತ್ತಿರಲಿಲ್ಲ. ಕಾಯಿ ತಂದ ರೈತ ಅವನಿಗೆ "ಬನ್ನಿ ಸ್ವಾಮಿ" ಅನ್ನುತ್ತಿದ್ದ, ನಮಗೆ "ಬಾರ್ಲಾ ಇಲ್ಲಿ" ಅನ್ನುತ್ತಿದ್ದ. ಇಬ್ಬರಿಗೂ ಇದ್ದ ವ್ಯತ್ಯಾಸ ಅಂಗೈಯುದ್ದದ ಒಂದು ಕಡ್ಡಿ. ಅವತ್ತೇ ನಿರ್ಧಾರ ಮಾಡಿದೆ. ಊಟ ಬಿಟ್ಟರೂ ಚಿಂತೆಯಿಲ್ಲ, ಜೇಬಿಗೊಂದು ಪೆನ್ನು ಬೇಕು. ಇಂಕು ಇಲ್ಲದಿದ್ದರೂ ನಡೆಯುತ್ತದೆ, ಕ್ಲಿಪ್ಪು ಹೊಳೆಯಬೇಕು. ಹಾಗೆ ಖಾಲಿ ಪೆನ್ನು ಸಿಕ್ಕಿಸಿಕೊಂಡು ಓಡಾಡಿದ ಮೂರು ತಿಂಗಳಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುವವರು ಅರ್ಧ ಕಡಿಮೆಯಾದರು. ನಮ್ಮವ್ವ ಒಬ್ಬಳು ಮಾತ್ರ ಬದಲಾಗಲಿಲ್ಲ.

ಹಾಗೆಂದು ನನಗೆ ಬರವಣಿಗೆ ಹೊಸದೇನೂ ಆಗಿರಲಿಲ್ಲ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವ್ವ ನನ್ನನ್ನು ತುಮಕೂರಿನಲ್ಲಿ ಒಂದು ಮಠದ ಹಾಸ್ಟೆಲಿಗೆ ಸೇರಿಸಿದ್ದಳು. ಊಟ, ಪಾಠ, ಪ್ರಾರ್ಥನೆ ಎಲ್ಲ ಧರ್ಮಾರ್ಥ. ಇಂಕು ಮಾತ್ರ ನಮ್ಮದು. ಶ್ರೀಮಂತರ ಮಕ್ಕಳು ಬಾಟಲಿಯ ಇಂಕು ತರುತ್ತಿದ್ದರು. ನಮ್ಮಂಥವರಿಗೆ ಇಂಕಿನ ಮಾತ್ರೆ. ಒಂದು ಮಾತ್ರೆಯನ್ನು ಹಳೆಯ ಔಷಧಿ ಸೀಸೆಯ ನೀರಿಗೆ ಹಾಕಿ ಕುಲುಕಿದರೆ ನೀಲಿ ಇಂಕು ರೆಡಿ. ಒಂದು ಮಾತ್ರೆಗೆ ಒಂದು ಸೀಸೆ ಎಂಬುದು ಲೆಕ್ಕ. ನಾವು ಎರಡು ಸೀಸೆ ಮಾಡುತ್ತಿದ್ದೆವು. ಅಂಥ ಇಂಕಿನಲ್ಲಿ ಬರೆದ ಉತ್ತರ ಮೇಷ್ಟ್ರ ಕೈ ಸೇರುವ ಹೊತ್ತಿಗೆ ಆಕಾಶದ ಬಣ್ಣಕ್ಕೆ ಬಂದಿರುತ್ತಿತ್ತು. "ಏನಯ್ಯಾ, ಉತ್ತರ ಬರ್ದಿದೀಯೋ ಇಲ್ಲಾ ಬರೀತೀನಿ ಅಂತ ಅಂದ್ಕೊಂಡಿದೀಯೋ?" ಎಂದು ಮೇಷ್ಟ್ರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಸರಿಯುತ್ತರವೇ ಇರಬೇಕು ಎಂದು ಒಳ್ಳೆಯ ಮನಸ್ಸಿನಿಂದ ಅಂಕ ಕೊಟ್ಟದ್ದೂ ಉಂಟು. ಹೀಗಾಗಿ ನನಗೆ ತೆಳುವಾದ ಇಂಕಿನ ಬಗ್ಗೆ ಇವತ್ತಿಗೂ ಗೌರವವಿದೆ.

ಪರೀಕ್ಷೆಯ ಮಧ್ಯೆ ಇಂಕು ಮುಗಿದರೆ ಹನಿ ಸಾಲ ಕೇಳುತ್ತಿದ್ದೆವು. ಕೊಡುವವನು ತನ್ನ ಪೆನ್ನಿನ ಕುತ್ತಿಗೆ ತಿರುಗಿಸಿ ಬಿಚ್ಚಿ, ನಮ್ಮ ಪೆನ್ನಿನ ಬಾಯಿಗೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದ. ಅಲ್ಲಿ ನನ್ನ ವ್ಯಾಪಾರಬುದ್ಧಿ ಮೊದಲು ಮೊಳಕೆಯೊಡೆಯಿತು. ಪೆನ್ನನ್ನು ನಿಧಾನವಾಗಿ ಬಗ್ಗಿಸಿದರೆ ದಪ್ಪ ಹನಿ ಬೀಳುತ್ತದೆ, ಥಟ್ಟನೆ ಒದರಿದರೆ ಸಣ್ಣ ಹನಿ. ಇಸಿದುಕೊಳ್ಳುವಾಗ "ನಿಧಾನ ಕಣೋ, ಬೆಂಚಿನ ಮೇಲೆ ಬೀಳುತ್ತೆ" ಅನ್ನಬೇಕು. ತೀರಿಸುವಾಗ ಗಡಿಬಿಡಿ ಮಾಡಬೇಕು. ಇದು ಮೋಸವಲ್ಲ, ಹನಿಗೆ ಹನಿ ಎಂದು ಮಾತಾಗಿತ್ತೇ ಹೊರತು ಗಾತ್ರದ ಮಾತು ಯಾರೂ ಆಡಿರಲಿಲ್ಲ. ಯಾವ ಕರಾರಿನಲ್ಲೂ ಗಾತ್ರ ನೋಡಿಕೊಳ್ಳಿ ಎಂಬುದು ನಿಮಗೆ ನನ್ನ ಇನ್ನೊಂದು ಸಲಹೆ.

ಇಂಕ್ ಪೆನ್ನೆಂದರೆ ಒಂದು ಸಂಸಾರವೇ ಸರಿ. ಅದಕ್ಕೆ ಬೇಸಿಗೆ ಆಗದು. ಮಧ್ಯಾಹ್ನದ ಬಿಸಿಲಿನಲ್ಲಿ ತುಮಕೂರಿನಿಂದ ಗುಬ್ಬಿಗೆ ಬಸ್ಸಿನಲ್ಲಿ ಬಂದರೆ ಇಳಿಯುವ ಹೊತ್ತಿಗೆ ಎದೆಯ ಮೇಲೊಂದು ನೀಲಿ ಮೊಲೆ ಮೂಡಿರುತ್ತಿತ್ತು. ಕುತ್ತಿಗೆಯ ಸುತ್ತಿನಲ್ಲಿ ಸೋರಿದರೆ ಮೈಸೋಪು ಉಜ್ಜಬೇಕು. ನಿಬ್ಬು ಕಟ್ಟಿಕೊಂಡರೆ ಸೀಳಿನೊಳಗೆ ಹಳೆಯ ಬ್ಲೇಡು ಆಡಿಸಬೇಕು. ಇಂಕು ಅತಿಯಾಗಿ ಬಂದರೆ ಸೀಮೆಸುಣ್ಣದ ತುಂಡು ಇಟ್ಟು ಹೀರಿಸಬೇಕು. ಶರ್ಟಿನ ಕಲೆಗೆ ನಿಂಬೆಹಣ್ಣು ಮತ್ತು ಉಪ್ಪು. ಹೋಗದಿದ್ದರೆ ಇಡೀ ಶರ್ಟನ್ನೇ ಅದೇ ಬಣ್ಣಕ್ಕೆ ಅದ್ದಿಬಿಡುವುದು. ನಾನು ಈ ಕೊನೆಯ ಉಪಾಯವನ್ನೂ ಮಾಡಿದ್ದೇನೆ. ಒಂದು ಶಿವರಾತ್ರಿಯ ದಿನ ಆ ಶರ್ಟು ಹಾಕಿಕೊಂಡು ಬೆವರಿ, ಒಳಗೆಲ್ಲ ನೀಲಿಯಾಗಿ ಮನೆಗೆ ಬಂದಾಗ ಅವ್ವ ನನ್ನ ಕುತ್ತಿಗೆ ನೋಡಿ, "ಏನ್ಲಾ, ವಿಷ ಕುಡಿದೋನು ನೀನೋ ಶಿವನೋ?" ಎಂದು ಕೇಳಿದ್ದಳು.

ಸ್ವಂತಕ್ಕೊಂದು ಸಣ್ಣ ಮಂಡಿ ಇಟ್ಟು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ನನಗೆ ಪೆನ್ನು ಕೂಡಿಸುವ ಗೀಳು ಹತ್ತಿತು. ತುಮಕೂರಿನ ಮಂಡಿಪೇಟೆಗೆ ವ್ಯಾಪಾರಕ್ಕೆಂದು ಹೋಗಿ, ಅಲ್ಲೇ ಓಣಿಯಲ್ಲಿ ಹಳೆಯ ಪೆನ್ನು ಮಾರುತ್ತಿದ್ದ ಬಷೀರ್ ಸಾಬರ ಪೆಟ್ಟಿಗೆ ಅಂಗಡಿಯ ಮುಂದೆ ಕೂತುಬಿಡುತ್ತಿದ್ದೆ. ಬಂಗಾರದ ಬಣ್ಣದ ಕ್ಯಾಪಿನ ಚೀನಾ ಪೆನ್ನುಗಳು, ಗಾಜಿನ ಹಾಗೆ ಒಳಗಿನ ಇಂಕು ಕಾಣುವ ಪೆನ್ನುಗಳು, ಮುಟ್ಟಿದರೆ ಬೆಚ್ಚಗಿರುವ, ಗಟ್ಟಿ ರಬ್ಬರಿನ ಕರಿಯ ಎಬೊನೈಟ್ ಪೆನ್ನುಗಳು. ಸಾಬರ ಹತ್ತಿರ ನಾನು ದುಡ್ಡಿನ ಮಾತು ಆಡಿದ್ದು ಕಡಿಮೆ. ಅವರಿಗೆ ಕಾಯಿ ಬೇಕು, ನನಗೆ ಪೆನ್ನು ಬೇಕು. ಎಷ್ಟು ಕಾಯಿಗೆ ಯಾವ ಪೆನ್ನು ಎಂಬುದು ನಮ್ಮ ತಕರಾರು.

ಹಳೆಯ ಪೆನ್ನು ಕೊಳ್ಳುವವರಿಗೆ ಒಂದೇ ಮಂತ್ರ: ಮೈ ನೋಡಬೇಡಿ, ನಿಬ್ಬು ನೋಡಿ. ನಿಬ್ಬಿನ ತುದಿಯನ್ನು ಬಿಸಿಲಿಗೆ ಹಿಡಿದು ಸವೆತ ಯಾವ ಕಡೆಗಿದೆ ಎಂದು ನೋಡಿದರೆ ಅದರ ಹಿಂದಿನ ಯಜಮಾನ ಎದ್ದು ಬಂದು ನಿಂತುಕೊಳ್ಳುತ್ತಾನೆ. ಒತ್ತಿ ಬರೆಯುವವನೋ, ತೇಲಿಸಿ ಬರೆಯುವವನೋ, ಪೆನ್ನನ್ನು ನಿಲ್ಲಿಸಿ ಹಿಡಿಯುವವನೋ, ಮಲಗಿಸಿ ಹಿಡಿಯುವವನೋ. ನಿಬ್ಬು ಒಂದು ಕೈಗೆ ಪಳಗಿದರೆ ಇನ್ನೊಂದು ಕೈಗೆ ಕರಕರ ಅನ್ನುತ್ತದೆ. ನಾನು ಇದನ್ನೆಲ್ಲ ಕಲಿತದ್ದು ಜ್ಞಾನಕ್ಕಾಗಿ ಅಲ್ಲ, ಬೆಲೆ ಇಳಿಸುವುದಕ್ಕಾಗಿ.

"ಸಾಬ್ರೇ, ನಿಬ್ಬು ಎಡಕ್ಕೆ ವಾಲೈತೆ."

"ಅರೇ ಸಾವ್ಕಾರ್ರೇ, ನಿಮ್ ಮೂಗೂ ಎಡಕ್ಕೆ ವಾಲಿದೆ. ನಾವು ಹೇಳಿದ್ವಾ?"

"ನನ್ನ ಮೂಗು ನಾನು ಮಾರ್ತಾ ಇಲ್ವಲ್ಲ."

"ಮಾರಿದ್ರೂ ಯಾರು ತಗೋತಾರೆ, ಅಷ್ಟು ಉದ್ದ!"

ಹೀಗೆ ನಮ್ಮ ವ್ಯಾಪಾರ. ದೋಷ ಹುಡುಕುವುದು, ಹುಡುಕಿದ್ದನ್ನು ಜೋರಾಗಿ ಹೇಳುವುದು, ಬೆಲೆ ಇಳಿಸುವುದು. ಮಾಡಿ ಮಾಡಿ ನನಗದು ಕೆಮ್ಮಿನ ಹಾಗೆ ಅಭ್ಯಾಸವಾಗಿಹೋಯಿತು. ಎಲ್ಲಿ ಪೆನ್ನು ಕಂಡರೂ, ಯಾರದೇ ಆಗಿರಲಿ, ಕೈ ಅದರ ಕಡೆ ಹೋಗುತ್ತಿತ್ತು, ಬಾಯಿ ಅದರ ದೋಷದ ಕಡೆ. ಮನೆಯಲ್ಲಿ ಕೊಬ್ಬರಿ ಎಣ್ಣೆಯ ಹಳೆಯ ಡಬ್ಬ ತುಂಬ ಪೆನ್ನು ಕೂಡಿದವು. "ಬರೆಯೋದು ಮಂಡಿ ಚೀಟಿ ಎರಡು ಸಾಲು, ಅದಕ್ಕೆ ಒಂದು ಡಬ್ಬ ಪೆನ್ನು," ಎಂದು ಅವ್ವ ಗೊಣಗುತ್ತಿದ್ದಳು. "ಇಷ್ಟು ಪೆನ್ನು ಕೂಡಿಸೋ ಬದಲು ಒಂದು ಹೆಣ್ಣು ನೋಡ್ಕಂಡಿದ್ರೆ ಮನೆ ಮನೆಯಂಗಿರೋದು."

ಅಂತೂ ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ದಿನ ಅವ್ವನೂ ನಾನೂ ಹೆಣ್ಣು ನೋಡಲು ಕುಣಿಗಲ್ಲಿಗೆ ಹೊರಟೆವು. ಹುಡುಗಿಯ ಹೆಸರು ಸರ್ವಮಂಗಳ. ಅಲ್ಲಿಯ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಅವಳ ತಂದೆ ರುದ್ರಯ್ಯನವರು ಕುದುರೆ ಫಾರಮ್ಮಿನಲ್ಲಿ ಗುಮಾಸ್ತರು, ತಾಯಿ ಇಲ್ಲ. ಹುಡುಗಿಯನ್ನು ನಾನು ಅದಕ್ಕೆ ಮುಂಚೆ ಒಂದು ಸಲ ತುಮಕೂರಿನ ನೆಂಟರ ಮದುವೆಯಲ್ಲಿ ದೂರದಿಂದ ನೋಡಿದ್ದೆ. ಊಟದ ಪಂಕ್ತಿಯಲ್ಲಿ ಯಾರೋ ಹೇಳಿದ ಮಾತಿಗೆ ತಲೆ ಎತ್ತಿ ನಕ್ಕಿದ್ದಳು. ಅವತ್ತಿನಿಂದ ಬೇರೆ ಹೆಣ್ಣುಗಳ ಫೋಟೋ ಬಂದರೆ ನಾನು ದೋಷ ಹುಡುಕಿ ವಾಪಸ್ಸು ಕಳಿಸುತ್ತಿದ್ದೆ. ಅವ್ವನಿಗೆ ಈ ವಿಷಯ ಹೇಳಿರಲಿಲ್ಲ. ಬೇಕು ಅಂತ ಮುಖದಲ್ಲಿ ತೋರಿಸಿಕೊಂಡರೆ ವ್ಯಾಪಾರ ಕೆಡುತ್ತದೆ ಎಂದು ಅವಳೇ ನನಗೆ ಕಲಿಸಿದ್ದಳು.

ಕೆರೆ ಕಡೆಯ ಬೀದಿಯಲ್ಲಿ ಪುಟ್ಟ ಹೆಂಚಿನ ಮನೆ. ಚಾಪೆ ಹಾಸಿದ್ದರು. ಹುಡುಗಿ ಬಂದಳು, ಬಲಗೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಆಮೇಲೆ ಕಾಫಿ ಕೊಟ್ಟಳು, ಎಡಗೈ ಸೆರಗಿನೊಳಗಿತ್ತು. ನಮಸ್ಕಾರ ಮಾಡಿ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ದೊಡ್ಡವರ ಮಾತು ಶುರುವಾಯಿತು. ಮದುವೆ ಎಲ್ಲಿ ಅನ್ನುವುದಕ್ಕೆ ಸ್ವಲ್ಪ ಎಳೆದಾಟವಾಯಿತು. ಅವ್ವ "ನಮ್ಮಲ್ಲಿ ಗಂಡಿನ ಊರಲ್ಲೇ, ಗುಬ್ಬೀಲೇ ಆಗಬೇಕು" ಅಂದಳು. ರುದ್ರಯ್ಯನವರು "ಇರೋಳು ಒಬ್ಬಳೇ ಮಗಳು ತಾಯಿ, ಇಲ್ಲೇ ಕುಣಿಗಲ್ಲಲ್ಲಿ ಮಾಡಿಕೊಡ್ತೀನಿ" ಅಂದರು. ಇಬ್ಬರೂ ನಗುನಗುತ್ತಲೇ ಒಂದಿಂಚೂ ಕದಲಲಿಲ್ಲ. ಇರಲಿ ಎಂದು ಆ ಮಾತನ್ನು ಪಕ್ಕಕ್ಕಿಟ್ಟು ರುದ್ರಯ್ಯನವರು ನನ್ನ ಕಡೆ ತಿರುಗಿದರು.

"ನಿಮ್ಮ ಮಂಡಿ ವಿಳಾಸ ಒಂಚೂರು ಬರ್ಕೊಡಿ."

ವಿಳಾಸ ಒಂದು ನೆಪ. ಗುಮಾಸ್ತರಲ್ಲವೇ, ಹುಡುಗನ ಕೈಬರಹ ನೋಡುವ ಆಸೆ. ಕಿಟಕಿಯ ಮೇಲಿದ್ದ ಒಂದು ಹಾಳೆಯನ್ನೂ ಪೆನ್ನನ್ನೂ ಕೊಟ್ಟರು. ಪೆನ್ನು ಕೈಗೆ ಬಂದದ್ದೇ ನನಗೆ ಮದುವೆ, ಹುಡುಗಿ, ಉಪ್ಪಿಟ್ಟು ಎಲ್ಲ ಮರೆತುಹೋಯಿತು. ಕರಿಯ ಎಬೊನೈಟ್, ಮೈಮೇಲೆ ಸಣ್ಣ ಅಲೆಗಳ ಗೆರೆ, ಹಿಡಿಗೆ ಹದವಾದ ತೂಕ. ಇಂಥದ್ದೊಂದಕ್ಕೆ ನಾನು ಬಷೀರ್ ಸಾಬರ ಹತ್ತಿರ ಎರಡು ವರ್ಷ ಗೋಗರೆದಿದ್ದೆ. ಇದನ್ನು ಹೇಗಾದರೂ ಮಾಡಿ ಕೊಂಡುಕೊಳ್ಳಬೇಕು ಎಂದು ಮನಸ್ಸು ಹೇಳಿತು. ಕೊಳ್ಳಬೇಕು ಎಂದು ಅನ್ನಿಸಿದ ತಕ್ಷಣ ಬಾಯಿ ತನ್ನ ಕೆಲಸ ಶುರುಮಾಡಿತು.

ಒಂದು ಸಾಲು ಬರೆದೆ. ಕರಕರ ಅಂದಿತು. ನಿಬ್ಬನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸವೆತ ತಿರುಗುಮುರುಗಾಗಿತ್ತು. ಸಂಶಯ ಬಂದು ಪೆನ್ನನ್ನು ಎಡಗೈಗೆ ತೆಗೆದುಕೊಂಡು ಒಂದು ಗೆರೆ ಎಳೆದೆ. ಬೆಣ್ಣೆ!

"ಸಾರ್, ಪೆನ್ನೇನೋ ಚೆನ್ನಾಗೈತೆ," ಎಂದೆ, ಇಡೀ ಮನೆಗೆ ಕೇಳುವ ಹಾಗೆ. "ಆದ್ರೆ ಇದ್ರಲ್ಲೊಂದು ದೋಷ ಐತೆ. ಇದನ್ನ ಬರೆಯೋರು ಯಾರೋ ಎಡಚರು. ಬಲಗೈಯೋರಿಗೆ ಇದು ಪ್ರಯೋಜನ ಇಲ್ಲ."

ಬಾಗಿಲ ಹಿಂದೆ ಬಳೆ ಸದ್ದಾಯಿತು. ರುದ್ರಯ್ಯನವರ ಮುಖ ಕಪ್ಪಿಟ್ಟಿತು. ಅವ್ವ ಉಪ್ಪಿಟ್ಟಿನ ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿದಳು. ಆಗ ನನಗೆ ತಿಳಿಯಿತು, ನಾನು ಕೂತಿರುವುದು ಮಂಡಿಪೇಟೆಯಲ್ಲಲ್ಲ. ಆ ಕಾಲದಲ್ಲಿ ಹೆಣ್ಣು ಎಡಚಿ ಎಂಬ ಮಾತು ಹೊರಗೆ ಬಿದ್ದರೆ ಸಂಬಂಧಗಳೇ ಮುರಿದುಹೋಗುತ್ತಿದ್ದವು. ಎಡಗೈಯಲ್ಲಿ ಬಡಿಸಿದರೆ ಮನೆಗೆ ದರಿದ್ರ, ಎಡಗೈಯಲ್ಲಿ ದೀಪ ಹಚ್ಚಿದರೆ ಅಪಶಕುನ, ಹೀಗೆ ಏನೇನೋ. ತಂದೆ ಬಚ್ಚಿಟ್ಟದ್ದನ್ನು ನಾನು ನಡುಮನೆಯಲ್ಲಿ ಡಂಗುರ ಹೊಡೆದಿದ್ದೆ. ಅದೂ ನನಗೆ ಬೇಕಾದ ಹುಡುಗಿಯ ಮನೆಯಲ್ಲೇ.

"ಅದು ನಂದೇ ಪೆನ್ನು," ಅಂದರು ರುದ್ರಯ್ಯನವರು. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅದನ್ನು ಸಾಬೀತು ಮಾಡಲು ಪೆನ್ನು ಕಿತ್ತುಕೊಂಡು ಬಲಗೈಯಲ್ಲಿ ತಮ್ಮ ಹೆಸರು ಬರೆಯಹೊರಟರು. ನಿಬ್ಬು ಹಾಳೆಯನ್ನು ಕೆರೆಯಿತು. ಒತ್ತಿದರು. ಹಾಳೆ ಹರಿಯಿತು. ಇನ್ನೂ ಒತ್ತಿದರು.

"ಅಪ್ಪಾ, ನಿಬ್ಬು ಬಾಗೋಗುತ್ತೆ. ಕೊಡಿ ಇಲ್ಲಿ."

ಸರ್ವಮಂಗಳ ಹೊರಗೆ ಬಂದಿದ್ದಳು. ತಂದೆಯ ಕೈಯಿಂದ ಪೆನ್ನು ತೆಗೆದುಕೊಂಡಳು. ಸೆರಗಿನಿಂದ ಎಡಗೈ ಹೊರಗೆ ಬಂತು. ಅಂಗೈಯ ಅಂಚೆಲ್ಲ ನೀಲಿ. ಎಡಗೈಯವರು ಬರೆದಂತೆಲ್ಲ ಕೈ ಆಗತಾನೇ ಬರೆದ ಸಾಲಿನ ಮೇಲೇ ಜಾರಿ ಬರುತ್ತದಲ್ಲ, ಆ ಕಲೆ. ಹರಿದ ಹಾಳೆಯ ಉಳಿದ ಜಾಗದಲ್ಲಿ ಒಂದು ಸಾಲು ಬರೆದು ನನ್ನ ಮುಂದಿಟ್ಟು ಒಳಗೆ ಹೋದಳು. ಅಕ್ಷರಗಳು ಒಂದಕ್ಕೊಂದು ಕೈಹಿಡಿದು ನಿಂತ ಹಾಗಿದ್ದವು.

ಅವ್ವನಿಗೆ ಓದು ಬಾರದು. "ಏನ್ಲಾ ಬರ್ದವ್ಳೆ?"

"ಕಾಫಿ ಆರ್ತಾ ಇದೆ, ಕುಡೀರಿ ಅಂತ."

ಅವ್ವ ಕಾಫಿ ಮುಟ್ಟಲಿಲ್ಲ. ಸೆರಗು ಹೊದ್ದು ಎದ್ದಳು. "ಯೋಚ್ನೆ ಮಾಡಿ ಹೇಳಿ ಕಳಿಸ್ತೀವಿ ಯಜಮಾನ್ರೇ," ಎಂದು ಚಪ್ಪಲಿ ಮೆಟ್ಟಿದಳು. ನಾನು ಹಿಂದೆ ನಡೆದೆ. ರುದ್ರಯ್ಯನವರು ಬಾಗಿಲವರೆಗೂ ಬರಲಿಲ್ಲ. ಕಂಬಕ್ಕೆ ಒರಗಿ ಹರಿದ ಹಾಳೆಯನ್ನು ನೋಡುತ್ತ ನಿಂತಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸು ನಿಂತಿತ್ತು. ಅವ್ವ ಹತ್ತಲಿಲ್ಲ. "ರಶ್ಶೈತೆ," ಅಂದಳು. ಬಸ್ಸಿನಲ್ಲಿ ಡ್ರೈವರ್ ಕೂಡ ಇರಲಿಲ್ಲ. ಅವಳಿಗೆ ಸಿಟ್ಟಿನಲ್ಲಿ ಕಣ್ಣು ಕಾಣುತ್ತಿಲ್ಲ ಎಂದುಕೊಂಡೆ. ಬೆಂಚಿನ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು, ಬಂದ ದಾರಿಯನ್ನೇ ನೋಡುತ್ತ. ಜೀವಮಾನವೆಲ್ಲ ಬೇರೆಯವರ ಸರಕಿನ ದೋಷ ಹೇಳಿ ಗೆದ್ದವನು ಇವತ್ತು ಅದೇ ಬಾಯಿಂದ ಮುಳುಗಿದ್ದೆ. ಈಗ ಬಸ್ಸು ಹತ್ತಿದರೆ ಆಯಿತು, ಆ ಹುಡುಗಿಯ ಮುಂದೆ ಇನ್ನು ಈ ಜನ್ಮದಲ್ಲಿ ನಿಲ್ಲುವಂತಿಲ್ಲ. ಎಡಚಿ ಎಂದು ಊರೆಲ್ಲ ಹಬ್ಬಿ, ಅವಳಿಗೆ ಬೇರೆ ಗಂಡೂ ಸಿಗದೆ ಹೋಗಬಹುದು.

"ಅವ್ವ, ಕೆರೆ ನೋಡ್ಕಂಡ್ ಬತ್ತೀನಿ."

"ಕೆರೆ ಏನು ಓಡೋಗ್ತದಾ? ಹೋಗು," ಅಂದಳು, ನನ್ನ ಕಡೆ ನೋಡದೆ.

ಹೋಗುತ್ತ ದಾರಿಯುದ್ದಕ್ಕೂ ಒಂದು ನೆಪ ಹುಡುಕಿದೆ. ಕರವಸ್ತ್ರ ಮರೆತೆ ಅನ್ನಲೇ? ಅದು ಜೇಬಿನಲ್ಲೇ ಇತ್ತು. ಪೆನ್ನಿನ ಬಗ್ಗೆ ಕೇಳಲು ಬಂದೆ ಅನ್ನಲೇ? ನಾಲಿಗೆ ಕಚ್ಚಿಕೊಂಡೆ. ಮನೆ ಬಂದೇಬಿಟ್ಟಿತು. ಸರ್ವಮಂಗಳ ಜಗಲಿಯ ಮೇಲೆ ಕೂತು ತಂಬಿಗೆ ನೀರಿನಲ್ಲಿ ನಿಬ್ಬು ತೊಳೆಯುತ್ತಿದ್ದಳು. ನೀರು ನೀಲಿಯಾಗಿತ್ತು. ತಲೆ ಎತ್ತಿದಳು. ಅತ್ತಿದ್ದಳೋ ಏನೋ, ಕಣ್ಣು ಕೆಂಪಗಿತ್ತು. ದನಿ ಮಾತ್ರ ಕ್ಲಾಸಿನಲ್ಲಿ ನಿಂತ ಟೀಚರದ್ದೇ.

"ಏನು ಮರೆತೋಗಿದ್ರಿ?"

"ಏನೂ ಮರೆತಿಲ್ಲ."

"ಮತ್ತೆ?"

ಮಂಡಿಯಲ್ಲಿ ನಾಲ್ಕು ಜನ ದಲ್ಲಾಳಿಗಳ ಬಾಯಿಯನ್ನು ಒಟ್ಟಿಗೆ ಮುಚ್ಚಿಸಿದ ನಾನು ಜಗಲಿಯ ಕಂಬ ಹಿಡಿದುಕೊಂಡು ನಿಂತೆ. ಕೊನೆಗೆ ಬಂದದ್ದು ಇದು:

"ರಾಯಲ್ ಬ್ಲೂ ಬೇಡ. ಬ್ಲೂ ಬ್ಲ್ಯಾಕ್ ಹಾಕ್ಕೊಳ್ಳಿ. ಬೇಗ ಒಣಗ್ತದೆ, ಕೈಗೆ ಅಂಟಲ್ಲ."

ಅವಳು ನನ್ನನ್ನು ನೋಡಿದಳು. ಎಲ್ಲ ಹಾಳುಮಾಡಿ ಹೋದವನು ವಾಪಸ್ಸು ಬಂದು ಇಂಕಿನ ಸಲಹೆ ಕೊಡುತ್ತಿದ್ದಾನೆ! ತುಟಿ ಬಿಗಿಹಿಡಿದಳು, ಆಗಲಿಲ್ಲ, ನಕ್ಕುಬಿಟ್ಟಳು.

"ನಮ್ಮಪ್ಪ ಫಾರಮ್ಮಲ್ಲಿ ಹಲ್ಲು ನೋಡಿ ಕುದುರೆ ವಯಸ್ಸು ಹೇಳ್ತಾರೆ. ನೀವು ನಿಬ್ಬು ನೋಡಿ ಹೆಣ್ಣಿನ ಜಾತಕ ಹೇಳ್ತೀರ. ಇಬ್ಬರಿಗೂ ಸರಿಹೋಯ್ತು."

"ತಪ್ಪಾಯ್ತು. ಪೆನ್ನು ಕಂಡ್ರೆ ನಂಗೆ ಬಾಯಿ ನಿಲ್ಲಲ್ಲ."

"ನಿಜಾನೇ ಹೇಳಿದ್ರಲ್ಲ, ತಪ್ಪೇನು ಬಂತು? ಬಚ್ಚಿಡೋಣ ಅಂದೋರು ಅಪ್ಪ. ಬೇಡ ಅಂದೆ, ಕೇಳಲಿಲ್ಲ." ನಿಬ್ಬನ್ನು ಸೆರಗಿನ ಅಂಚಿನಿಂದ ಒರೆಸಿದಳು. "ಈಗ ನಾನೊಂದು ಹೇಳ್ತೀನಿ, ಕೇಳಿ. ಬಡಿಸೋದು ಬಲಗೈಲಿ. ದೀಪ ಹಚ್ಚೋದು ಬಲಗೈಲಿ. ಕುಂಕುಮ ಕೊಡೋದು ಬಲಗೈಲಿ. ಚಿಕ್ಕೋಳಿದ್ದಾಗಿಂದ ಬೆರಳ ಮೇಲೆ ಹೊಡೆದೂ ಹೊಡೆದೂ ಅಷ್ಟನ್ನೂ ಕಲಿಸಿದಾರೆ, ಕಲ್ತಿದೀನಿ. ಬರೆಯೋ ಕೈ ಒಂದು ಮಾತ್ರ ನಂದು. ಅದನ್ನ ಯಾರೂ ಕೇಳಬಾರದು. ನಿಮ್ಮ ತಾಯಿನೂ ಕೇಳಬಾರದು. ಸ್ಕೂಲೂ ಬಿಡಲ್ಲ. ಆಗುತ್ತಾ?"

"ಆಗ್ತದೆ."

"ಈ ಪೆನ್ನೂ ನಂದೇ. ನೀವು ಮುಟ್ಟಂಗಿಲ್ಲ."

ಇಲ್ಲಿ ಮಾತ್ರ, ಸುಳ್ಳೇಕೆ ಹೇಳಲಿ, ನಾನು ಒಂದು ಕ್ಷಣ ತಡೆದೆ. ಪೆನ್ನನ್ನು ಒಮ್ಮೆ ಕಣ್ತುಂಬ ನೋಡಿದೆ. "ಆಯ್ತು."

"ಏನು, ಚೌಕಾಸಿನೇ ಇಲ್ವಾ? ಗುಬ್ಬಿ ಮಂಡಿಯೋರು ಅಂತ ಅಪ್ಪ ಹೆದ್ರಿಸಿದ್ರು."

"ಇಲ್ಲ."

ಅಷ್ಟರಲ್ಲಿ ರುದ್ರಯ್ಯನವರು ಹೊರಗೆ ಬಂದರು. ನನ್ನನ್ನು ಕಂಡು ಅವರಿಗೆ ಗಾಬರಿ. ವಿಷಯ ತಿಳಿದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಆವತ್ತು ಯಾವುದಕ್ಕೂ ಹೂಂ ಅನ್ನುವ ಸ್ಥಿತಿಯಲ್ಲಿದ್ದೆ. ಮದುವೆ ಕುಣಿಗಲ್ಲಿನಲ್ಲೇ ಎಂದರು, ಹೂಂ ಅಂದೆ. ಊಟಕ್ಕೆ ಇಲ್ಲಿಯ ಭಟ್ಟರೇ ಎಂದರು, ಹೂಂ ಅಂದೆ. ಓಲಗದವರೂ ಇಲ್ಲಿಯವರೇ ಎಂದರು, ಅದಕ್ಕೂ ಹೂಂ ಅಂದೆ. ಇನ್ನೊಂದು ಗಳಿಗೆ ನಿಂತಿದ್ದರೆ ಮನೆ ಅಳಿಯನಾಗಿ ಉಳಿಯಲೂ ಒಪ್ಪಿಕೊಂಡು ಬರುತ್ತಿದ್ದೆನೇನೋ.

ಆದರೆ ದೊಡ್ಡ ಗಂಡಾಂತರ ಇನ್ನೂ ಬಸ್‌ಸ್ಟ್ಯಾಂಡಿನಲ್ಲಿ ಕೂತಿತ್ತು. ಅವ್ವ ಬೇಡ ಎಂದರೆ ಬೇಡ, ಅವಳನ್ನು ಮೀರಿ ನಾನು ಏನೂ ಮಾಡಿದವನಲ್ಲ. ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡೆ. ಅವ್ವ ಅದೇ ಬೆಂಚಿನ ಮೇಲೆ ಕೂತಿದ್ದಳು. ಆ ಬಸ್ಸು ಹೋಗಿ ಇನ್ನೊಂದು ಬಂದಿತ್ತು. ಅದನ್ನೂ ಹತ್ತಿರಲಿಲ್ಲ. ನನ್ನನ್ನು ಕಂಡವಳೇ ಕತ್ತು ಉದ್ದ ಮಾಡಿ ನನ್ನ ಹಿಂದೆ ನೋಡಿದಳು.

"ಒಬ್ಬನೇ ಬಂದ್ಯಾ?"

"ಅವ್ವ, ಸಿಟ್ಟಾಗಬೇಡ. ಕೇಳು. ಆ ಹುಡುಗಿ ಎಡಗೈಲಿ ಬರೀತಾಳೆ ಅಷ್ಟೇಯ..."

"ಎಡಗೈಲಿ ಬರದ್ರೆ ಏನೀಗ?" ಅಂದಳು ಅವ್ವ. "ದಿನಾ ಬೆಳಗ್ಗೆ ಲಿಂಗಪೂಜೆ ಮಾಡ್ತೀನಲ್ಲ, ಲಿಂಗಾನ ಯಾವ ಕೈಲಿ ಕೂರಿಸ್ಕತೀನ್ಲಾ? ಎಡಗೈಲಿ ತಾನೇ? ಶಿವ ಬಂದು ಕೂರೋ ಕೈ, ನಂಗ್ ಬ್ಯಾಡವಾ?"

ಜೋಡಿಸಿಕೊಂಡು ಬಂದ ವಾದವೆಲ್ಲ ನನ್ನ ಬಾಯಲ್ಲೇ ಉಳಿಯಿತು. "ಮತ್ತೆ ಕಾಫಿನೂ ಕುಡೀದೆ ಯಾಕೆ ಎದ್ದು ಬಂದೆ?"

"ಸಂತೇಲಿ ಬೆಲೆ ಇಳೀದಿದ್ರೆ ಎದ್ದು ಬತ್ತೀವಲ್ಲ, ಯಾಕೆ? ಹಿಂದಿಂದ ಕೂಗಿ ಕರೀಲಿ ಅಂತ. ನೀನು ದೋಷ ಎತ್ತಿದ್ಯಲ್ಲ, ಒಳ್ಳೆ ಟೇಮಲ್ಲಿ ಎತ್ತಿದ ನನ್ನ ಮಗ ಅಂದ್ಕಂಡೆ. ಇನ್ನೇನು ಆ ಯಜಮಾನ ಓಡಿ ಬತ್ತಾನೆ, 'ಗುಬ್ಬೀಲೇ ಮದುವೆ ಆಗ್ಲಿ ತಾಯಿ' ಅಂತಾನೆ ಅಂತ ಎರಡು ಬಸ್ಸು ಬುಟ್ಟು ಕಾಯ್ತಾ ಇದೀನಿ. ಬತ್ತಾವ್ರಾ?"

ನಾನು ನೆಲ ನೋಡಿದೆ.

"ಅವ್ರು ಬರಲ್ಲ ಅವ್ವ. ನಾನೇ ಹೋಗಿದ್ದೆ."

"ಎಲ್ಲಿಗೆ?"

"ಅವ್ರ ಮನೆಗೆ. ಒಪ್ಕೊಂಡ್ ಬಂದೆ."

"ಏನಂತ ಒಪ್ಕೊಂಡೆ?"

"ಅವ್ರು ಹೇಳಿದ್ದಕ್ಕೆಲ್ಲ."

"ಮದುವೆ ಎಲ್ಲಿ?"

"ಕುಣಿಗಲ್ಲು."

"ಅಡುಗೆಯೋರು?"

"ಕುಣಿಗಲ್ಲೋರೇ."

"ಓಲಗ?"

ನಾನು ಬಂದ ದಾರಿಯ ಕಡೆ ಕೈ ತೋರಿಸಿದೆ. ಅವ್ವ ಎಲೆಯಡಿಕೆ ಚೀಲದ ದಾರ ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಬೈಗುಳಕ್ಕೆ ನಾನು ಮೈ ಬಿಗಿಹಿಡಿದೆ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ನಾನು ಎಷ್ಟೇ ಬಚ್ಚಿಟ್ಟರೂ, ಬೇಕು ಎಂಬುದು ಅಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತೆಂದು ಕಾಣುತ್ತದೆ. ಓದು ಬಾರದ ಅವ್ವ ಅದನ್ನು ಓದಿಕೊಂಡಳು.

"ಅಲ್ಲ ಕಣ್ಲಾ, ಇಷ್ಟು ವರ್ಷ ಮಂಡಿ ನಡೆಸಿದೋನು, ಒಂದು ಕಾಯಿಗೂ ಜಗಳ ಆಡೋನು, ಅಷ್ಟಕ್ಕಷ್ಟೂ ಬುಟ್ಕೊಟ್ಟು ಬಂದ್ಯಾ? ಆ ಹುಡುಗಿ ಏನಾದ್ರೂ ಬುಟ್ಳಾ?"

"ಒಂದೂ ಬಿಡ್ಲಿಲ್ಲ. ಪೆನ್ನು ಕೂಡ ಮುಟ್ಟಂಗಿಲ್ಲ ಅಂದ್ಲು."

ಅವ್ವನ ಭುಜ ಕುಲುಕಿತು. ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕಂಡಕ್ಟರ್ ಸೀಟಿ ಊದಿದ. ಅವಳು ನನ್ನ ಹೆಗಲು ಹಿಡಿದು ಎದ್ದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು, ತಿರುಗಿ ನೋಡಿದಳು.

"ಇನ್ಮೇಲೆ ಮನೆ ವ್ಯಾಪಾರ ಎಲ್ಲ ಅವಳೇ ನೋಡ್ಕೊಳ್ಲಿ ಬುಡು. ನೀನು ಸುಮ್ನೆ ಕಾಯಿ ಮಾರು."